ನೆಗಡಿ ಎಂಬ ಸುಳ್ಳು ಮೇಷ್ಟ್ರು

"ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಅಂತ ಗಾದೆ. ಹೋದ ವಾರ ನಮ್ಮನೆಯಲ್ಲಿ ಬುಗುಡಿ ಇರಲಿಲ್ಲ, ನೆಗಡಿ ಮಾತ್ರ ಧಾರಾಳವಾಗಿತ್ತು. ಮೊದಲು ಒಂದನೇ ಕ್ಲಾಸಿನ ಮಗಳಿಗೆ ಶುರುವಾಯಿತು, ಎರಡು ದಿನಕ್ಕೆ ನನಗೆ, ಆಮೇಲೆ ಇವಳಿಗೆ. ಒರೆಸೀ ಒರೆಸೀ ಮೂವರ ಮೂಗೂ ಟೊಮೇಟೊ. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಬೇಕಾದ್ದು ನಿದ್ದೆ. ಸಿಕ್ಕಿದ್ದು ಸಲಹೆ.

ಊರಿಂದ ಅಮ್ಮ ಫೋನಿನಲ್ಲಿ, "ಮಳೇಲಿ ನೆನೆಸಿದೀರಿ ಮಗೂನ. ತಲೆ ಸರಿಯಾಗಿ ಒರೆಸಿಲ್ಲ. ಬಾಳೆಹಣ್ಣು, ಮೊಸರು ಕೊಡಬೇಡಿ, ಶುಂಠಿ ಕಷಾಯ ಕೊಡಿ" ಅಂದರು. ಪಕ್ಕದ ಮನೆ ಆಂಟಿ, "ಕಫ ಹಸಿರಾಗಿದೆ ಅಂದ್ರೆ ಇನ್‌ಫೆಕ್ಷನ್, ಆಂಟಿಬಯಾಟಿಕ್ ಬೇಕೇ ಬೇಕು" ಅಂದರು. ಆಫೀಸಿನ ಗೆಳೆಯ, "ಒಂದು ಇಂಜೆಕ್ಷನ್ ಚುಚ್ಚಿಸ್ಕೊಂಡು ಬಾ ಗುರೂ, ನಾಳೆ ಫ್ರೆಶ್" ಅಂದ. ಮೆಡಿಕಲ್ ಶಾಪಿನ ಹುಡುಗ ಏನೂ ಅನ್ನಲಿಲ್ಲ. ನಾನು ಸೀನಿದ್ದನ್ನು ನೋಡಿದವನೇ ಮೂರು ಬಣ್ಣದ ಮಾತ್ರೆ ಕತ್ತರಿಸಿ ಕವರಿಗೆ ಹಾಕಿ "ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ" ಅಂದ.

ವಾರ ಕಳೆಯಿತು. ಎಲ್ಲರಿಗೂ ವಾಸಿಯಾಯಿತು. "ನೋಡಿದ್ಯಾ, ಕಷಾಯ ಕೆಲಸ ಮಾಡ್ತು" ಅಂತ ಅಮ್ಮ. "ನಾನು ಹೇಳಿದ ಮಾತ್ರೆ ತಗೊಂಡ್ರಾ?" ಅಂತ ಆಂಟಿ. ಇವಳಿಗೆ ಆವಿ ತೆಗೆದುಕೊಂಡಿದ್ದರ ಮೇಲೆ ನಂಬಿಕೆ. ನನಗೋ, ಭಾನುವಾರ ಮಧ್ಯಾಹ್ನ ಹೊಡೆದ ನಾಲ್ಕು ಗಂಟೆ ನಿದ್ದೆಯ ಮೇಲೆ. ಮಗಳಿಗೆ ಮಾತ್ರ ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಕಷಾಯವನ್ನು ಕುಂಡದ ತುಳಸಿಗೆ ಕುಡಿಸಿದ್ದಳು ಅಂತ ಆಮೇಲೆ ಗೊತ್ತಾಯಿತು :-)

ಔಷಧಿ ತಗೊಂಡರೆ ನೆಗಡಿ ಒಂದು ವಾರದಲ್ಲಿ ಹೋಗುತ್ತೆ, ತಗೊಳ್ಳದಿದ್ದರೆ ಏಳು ದಿನ ಬೇಕು. ಈ ಹಳೇ ಜೋಕಿಗೆ ನಾವೆಲ್ಲ ನಕ್ಕಿದ್ದೇವೆ. ನಕ್ಕು ಮುಂದೆ ಹೋಗಿಬಿಟ್ಟಿದ್ದೇವೆ, ಅದರೊಳಗಿನ ಪಾಠ ಕಲಿತಿಲ್ಲ. ತಾನಾಗಿಯೇ ವಾಸಿಯಾಗುವ ಕಾಯಿಲೆಗೆ ನೀವು ಏನೇ ಮಾಡಿ, ಅದು ಕೆಲಸ ಮಾಡಿದಂತೆ ಕಾಣುತ್ತೆ. ಏಳನೇ ದಿನದ ಹಿಂದಿನ ರಾತ್ರಿ ಏನು ಮಾಡಿದ್ದಿರೋ ಅದೇ ರಾಮಬಾಣ. ನಾವು ಒಬ್ಬೊಬ್ಬರೂ ಜೀವನದಲ್ಲಿ ನೂರಾರು ಸಲ ನೆಗಡಿಯ ಕ್ಲಾಸಿನಲ್ಲಿ ಕೂತಿದ್ದೇವೆ. ಪ್ರತಿ ಸಲವೂ ತಪ್ಪು ಉತ್ತರ ಬರೆದು ಪಾಸಾಗಿದ್ದೇವೆ. ಅದಕ್ಕೇ ನೆಗಡಿಯನ್ನು ನಾನು ಸುಳ್ಳು ಮೇಷ್ಟ್ರು ಅಂತ ಕರೆಯೋದು.

ನೆಗಡಿಯ ಮಟ್ಟಿಗೆ ಈ ತಪ್ಪು ಪಾಠದಿಂದ ದೊಡ್ಡ ನಷ್ಟ ಇಲ್ಲ ಅನ್ನಿ. ಅದೇ ಪಾಠವನ್ನು ನೆಗಡಿಯಲ್ಲದ ಕಡೆಗೂ ಹೊತ್ತುಕೊಂಡು ಹೋಗುತ್ತೇವಲ್ಲ, ತೊಂದರೆ ಶುರುವಾಗೋದು ಅಲ್ಲಿ. ನಮ್ಮ ಚಿಕ್ಕಪ್ಪನ ಕಥೆ ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

* * *

ಮೊದಲು ಮಳೆಯ ವಿಷಯ. ನಮ್ಮ ಭಾಷೆಯೇ ಇಲ್ಲಿ ನಮಗೆ ಮೋಸ ಮಾಡಿದೆ. ಕಾಯಿಲೆಗೆ ಹೆಸರೇ "ಶೀತ", "ಥಂಡಿ". ಇಂಗ್ಲಿಷಿನವರೂ "ಕೋಲ್ಡ್" ಅಂತಲೇ ಕರೆದರು. ಹೆಸರಿನಲ್ಲೇ ಆರೋಪಿಯನ್ನು ಬರೆದಿಟ್ಟ ಮೇಲೆ ತನಿಖೆ ಯಾರು ಮಾಡ್ತಾರೆ?

ಆದರೂ ಮಾಡಿದವರಿದ್ದಾರೆ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಯನ್ನು ಅಭ್ಯಾಸ ಮಾಡುವುದಕ್ಕೆಂದೇ ಒಂದು ಕೇಂದ್ರ ಶುರುವಾಯಿತು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಸ್ವಯಂಸೇವಕರು ಅಲ್ಲಿಗೆ ಹೋಗಿ ಉಳಿದುಕೊಂಡು, ಮೂಗಿಗೆ ವೈರಸ್ ಹಾಕಿಸಿಕೊಂಡು, ನೆಗಡಿ ಬರುತ್ತಾ ಅಂತ ಕಾಯುತ್ತಿದ್ದರು. ಒಂದು ಪ್ರಯೋಗದಲ್ಲಿ ಕೆಲವರನ್ನು ಬಿಸಿನೀರಿನ ಸ್ನಾನದ ನಂತರ ಒದ್ದೆ ಮೈಯಲ್ಲೇ ಗಾಳಿ ಬೀಸುವ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಒದ್ದೆ ಕಾಲುಚೀಲ ಹಾಕಿಸಿ ಕೂರಿಸಿದರು. ನಮ್ಮಮ್ಮ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ನೆನೆದವರಿಗೆ ನೆಗಡಿಯೇನೂ ಹೆಚ್ಚಾಗಲಿಲ್ಲ.

ಇನ್ನೂ ಮಜಾ ಅಂದರೆ ಉತ್ತರ ಧ್ರುವದ ಹತ್ತಿರದ ಸ್ಪಿಟ್ಸ್‌ಬರ್ಗನ್ ದ್ವೀಪದ್ದು. 1930ರ ದಶಕದ ಆರಂಭದಲ್ಲಿ ಅಲ್ಲಿನ ಗಣಿ ಊರಿನ ನೆಗಡಿಗಳನ್ನು ಇಬ್ಬರು ಸಂಶೋಧಕರು ಲೆಕ್ಕ ಇಟ್ಟರು. ಸಮುದ್ರ ಹೆಪ್ಪುಗಟ್ಟಿ ಹಡಗು ಬಾರದ, ಮೂಳೆ ಕೊರೆಯುವ ಚಳಿಗಾಲದಲ್ಲಿ ಊರಿನಲ್ಲಿ ನೆಗಡಿ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಮಂಜು ಕರಗಿ ವರ್ಷದ ಮೊದಲ ಹಡಗು ಬಂದ ಮೇಲೆ ಊರಿಗೆ ಊರೇ ಸೀನತೊಡಗಿತು! ಚಳಿ ಇತ್ತು, ವೈರಸ್ ಇರಲಿಲ್ಲ. ಹಡಗಿನಲ್ಲಿ ಜನ ಬಂದರು, ಜನರ ಜೊತೆ ವೈರಸ್ ಬಂತು.

ಹಾಗಂತ ಅಮ್ಮನ ಮಾತು ಪೂರ್ತಿ ಸುಳ್ಳು ಅಂತಲೂ ಅಲ್ಲ. 2005ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 180 ಜನರನ್ನು ತಗೊಂಡು, ಅರ್ಧ ಜನರ ಕಾಲನ್ನು ತಣ್ಣೀರಿನಲ್ಲಿ ಇಡಿಸಿದರು. ನಂತರದ ಕೆಲವು ದಿನಗಳಲ್ಲಿ ತಣ್ಣೀರಿನ 90 ಜನರಲ್ಲಿ 13 ಮಂದಿ, ಉಳಿದ 90ರಲ್ಲಿ 5 ಮಂದಿ ನೆಗಡಿಯ ಲಕ್ಷಣ ಹೇಳಿದರು. ಮೊದಲೇ ಮೂಗಿನಲ್ಲಿ ಸದ್ದಿಲ್ಲದೆ ಕೂತ ವೈರಸ್ಸಿಗೆ ಚಳಿ ಒಂದಿಷ್ಟು ಸಲಿಗೆ ಕೊಡುತ್ತದೆ ಅನ್ನೋದು ಆ ಸಂಶೋಧಕರ ಊಹೆ. ನೆಗಡಿಯ ಮುಖ್ಯ ವೈರಸ್ ಆದ ರೈನೋವೈರಸ್, ಮೈಯೊಳಗಿನ ಬಿಸಿಗಿಂತ ಮೂಗಿನ ತಂಪಿನಲ್ಲೇ ಚೆನ್ನಾಗಿ ಬೆಳೆಯುತ್ತೆ ಅನ್ನೋದು ಹಳೇ ವಿಷಯ. ಅಂದರೆ ಚಳಿ ಬಾಗಿಲು ತೆರೆಯಬಹುದು, ಒಳಗೆ ಬರುವ ಕಳ್ಳ ಮಾತ್ರ ವೈರಸ್ಸೇ.

ಮತ್ತೆ ಜೂನ್ ತಿಂಗಳಲ್ಲಿ ಯಾಕೆ ಎಲ್ಲ ಮಕ್ಕಳಿಗೂ ನೆಗಡಿ? ಜೂನಿನಲ್ಲಿ ನಮ್ಮಲ್ಲಿ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ. ಮುಂಗಾರು ಶುರುವಾಗುತ್ತೆ, ಆ ಹೊತ್ತಿಗೇ ಶಾಲೆಯೂ ಶುರುವಾಗಿರುತ್ತೆ. ಎರಡು ತಿಂಗಳು ಊರೂರಿಗೆ ಹೋಗಿದ್ದ ಮಕ್ಕಳು ಕಿಟಕಿ ಮುಚ್ಚಿದ ಒಂದೇ ಕೋಣೆಯಲ್ಲಿ ಪಕ್ಕಪಕ್ಕ ಕೂತು ಪೆನ್ಸಿಲ್, ರಬ್ಬರ್ ಜೊತೆ ವೈರಸ್ಸನ್ನೂ ಬದಲಾಯಿಸಿಕೊಳ್ಳುತ್ತಾರೆ. ಬೈಸಿಕೊಳ್ಳೋದು ಮಳೆ. ಬಾಳೆಹಣ್ಣು ಮತ್ತು ಮೊಸರಂತೂ ಪಾಪ, ಆ ಜಾಗದಲ್ಲೇ ಇರಲಿಲ್ಲ. ಬಾಯಿ ರುಚಿ ಕೆಟ್ಟ ಮಗು ಮೊಸರನ್ನ ತಿನ್ನುತ್ತೇನೆ ಅಂದರೆ ಸುಮ್ಮನೆ ಕೊಡಿ.

ಅಂದಹಾಗೆ ರೈನೋವೈರಸ್ಸಿನಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಇನ್ನೊಂದಕ್ಕೆ ರಕ್ಷಣೆ ಸಿಗುತ್ತೆ ಅಂತಿಲ್ಲ. ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರೋದು ಮಾಮೂಲು. "ನಮ್ಮ ಮಗೂಗೆ ಇಮ್ಯೂನಿಟಿ ಇಲ್ಲ" ಅಂತ ಬಾಟಲಿಗಟ್ಟಲೆ ಟಾನಿಕ್ ತರುವ ಅಪ್ಪ ಅಮ್ಮಂದಿರು ಇದನ್ನೊಂದು ನೆನಪಿಟ್ಟುಕೊಂಡರೆ ಸಾಕು.

* * *

ಇನ್ನು ಜ್ವರ. "ಕಂಬಳಿ ಹೊದ್ದು ಮಲಗಿದೆ, ಚೆನ್ನಾಗಿ ಬೆವರಿತು, ಜ್ವರ ಬಿಡ್ತು." ಇದನ್ನು ಕೇಳದ ಕನ್ನಡಿಗ ಇದ್ದಾನಾ?

ನಮ್ಮ ಮಿದುಳಿನಲ್ಲಿ ಗೀಸರಿನ ಥರ್ಮೋಸ್ಟಾಟ್ ಇದ್ದ ಹಾಗೆ ಒಂದು ಜಾಗ ಇದೆ. ಸೋಂಕು ತಗುಲಿದಾಗ ದೇಹವೇ ಅದರ ತಿರುಗಣೆಯನ್ನು ಮೇಲಕ್ಕೆ ತಿರುಗಿಸುತ್ತೆ. ಮೈ 98ರಲ್ಲಿದೆ, ತಿರುಗಣೆ 102ರಲ್ಲಿದೆ. ಆಗ ದೇಹಕ್ಕೆ ತಾನು ತಣ್ಣಗಿದ್ದೇನೆ ಅನ್ನಿಸುತ್ತೆ. ನಡುಗಿ ನಡುಗಿ ಬಿಸಿ ಹುಟ್ಟಿಸುತ್ತೆ, ಅದೇ ಚಳಿಜ್ವರ. ಸೋಂಕಿನ ಮೇಲೆ ಕೈ ಮೇಲಾದಾಗ, ಅಥವಾ ಪ್ಯಾರಾಸಿಟಮಾಲ್ ತಗೊಂಡಾಗ, ತಿರುಗಣೆ ಕೆಳಗೆ ಬರುತ್ತೆ. ಈಗ ಮೈಯಲ್ಲಿರುವ ಬಿಸಿ ಹೆಚ್ಚಾಯಿತು, ಅದನ್ನು ಹೊರಹಾಕಲು ಬೆವರುತ್ತೆ. ಅಂದರೆ ಬೆವರಿದ್ದಕ್ಕೆ ಜ್ವರ ಬಿಟ್ಟಿದ್ದಲ್ಲ, ಜ್ವರ ಬಿಡುತ್ತಾ ಇದ್ದದ್ದಕ್ಕೆ ಬೆವರಿದ್ದು. ಕೋಳಿ ಕೂಗಿದ್ದರಿಂದ ಬೆಳಗಾಯಿತು ಅಂದುಕೊಂಡ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಕಂಬಳಿಯ ವಿಷಯದಲ್ಲಿ ಮಾತ್ರ ನಾವೆಲ್ಲ ಆ ಅಜ್ಜಿಯೇ. ನಡುಗುವಾಗ ಹೊದ್ದುಕೊಳ್ಳಿ, ಬೇಡ ಅಂದವರಾರು. ಮೈ ಕೆಂಡವಾಗಿರುವ ಕೂಸಿಗೆ ಟೋಪಿ, ಸ್ವೆಟರು, ಎರಡು ರಗ್ಗು ಹೊದಿಸಿ ಬೇಯಿಸಬೇಡಿ.

ಜ್ವರ ದೇಹದ್ದೇ ಅಸ್ತ್ರ. ಅದೇ ಶತ್ರು ಅಲ್ಲ. ಪ್ಯಾರಾಸಿಟಮಾಲ್ ಕೊಡೋದು ಮೈಕೈ ನೋವು, ಸಂಕಟ ಕಡಿಮೆಯಾಗಲಿ ಅಂತ. ಅದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. "ಮಾತ್ರೆ ಹಾಕಿದೆ, ನಾಲ್ಕು ಗಂಟೆಗೆ ಮತ್ತೆ ಜ್ವರ ಬಂತು, ಮಾತ್ರೆ ಸರಿಯಿಲ್ಲ" ಅಂತ ಡಾಕ್ಟರನ್ನು ಬದಲಾಯಿಸುವವರಿದ್ದಾರೆ. ಮಾತ್ರೆ ಸರಿಯಾಗೇ ಇದೆ, ಅದರ ಕೆಲಸವೇ ಅಷ್ಟು. ಇನ್ನೊಂದು ಅಪಾಯ ಇಲ್ಲೇ ಇದೆ. ಡೋಲೋ, ಕ್ರೋಸಿನ್ ಅಂದರೂ ಪ್ಯಾರಾಸಿಟಮಾಲ್. ಮೆಡಿಕಲ್ ಶಾಪಿನ ಹುಡುಗ ಕೊಡುವ "ನೆಗಡಿ ಮಾತ್ರೆ"ಯೊಳಗೂ ಬಹಳ ಸಲ ಪ್ಯಾರಾಸಿಟಮಾಲ್. ಎರಡನ್ನೂ ನುಂಗುವವನಿಗೆ ತಾನು ಡಬಲ್ ಡೋಸ್ ತಗೊಳ್ಳುತ್ತಿದ್ದೇನೆ ಅನ್ನೋದೇ ಗೊತ್ತಿರಲ್ಲ. ಮಿತಿ ಮೀರಿದರೆ ಹೊಡೆತ ಬೀಳೋದು ಲಿವರಿಗೆ.

ಜ್ವರ ತಲೆಗೇರುತ್ತೆ ಅನ್ನುವ ಭಯವೂ ನಮ್ಮಲ್ಲಿ ದೊಡ್ಡದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುತ್ತೆ. ನೋಡಿದ ಅಪ್ಪ ಅಮ್ಮನ ಜೀವ ಬಾಯಿಗೆ ಬರುತ್ತೆ. ಹೆಚ್ಚಿನವು ಕೆಲವೇ ನಿಮಿಷದಲ್ಲಿ ನಿಲ್ಲುತ್ತವೆ, ಮಿದುಳಿಗೆ ಏಟು ಮಾಡಿ ಹೋಗುವುದಿಲ್ಲ. ಆ ಹೊತ್ತಿನಲ್ಲಿ ಕೈಗೆ ಕಬ್ಬಿಣದ ಕೀ ಕೊಡೋದು, ಈರುಳ್ಳಿ ಮೂಸಿಸೋದು, ಹಲ್ಲಿನ ಮಧ್ಯೆ ಚಮಚ ತುರುಕೋದು ಯಾವುದೂ ಬೇಡ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಿ. ನಿಂತರೂ, ಮೊದಲ ಸಲವಾದರೆ ಅವತ್ತೇ ತೋರಿಸಿ. ಅಲ್ಲೂ ನೋಡಿ, ಕೀ ಕೊಟ್ಟ ಎರಡು ನಿಮಿಷಕ್ಕೆ ಫಿಟ್ಸ್ ನಿಲ್ಲುತ್ತೆ, ಕೀಗೆ ಕೀರ್ತಿ. ಮತ್ತದೇ ಸುಳ್ಳು ಮೇಷ್ಟ್ರು.

* * *

"ಕೈಗುಣ" ಅಂತ ಒಂದು ಮಾತಿದೆಯಲ್ಲ, ಅದರ ಬಗ್ಗೆ ನನ್ನದೊಂದು ಥಿಯರಿ ಇದೆ. ಜ್ವರ ನೆಗಡಿ ಶುರುವಾದ ಮೊದಲ ದಿನ ಹೋದ ಡಾಕ್ಟರಿಗೆ ಕೈಗುಣ ಇರೋದಿಲ್ಲ. ಐದನೇ ದಿನ ಹೋದ ಡಾಕ್ಟರಿಗೆ ಇರುತ್ತೆ :-)

ನನ್ನ ಹೈಸ್ಕೂಲಿನ ಗೆಳೆಯನೊಬ್ಬ ಈಗ ಮಲೆನಾಡಿನ ಒಂದು ತಾಲೂಕಿನಲ್ಲಿ ಡಾಕ್ಟ್ರು. ಅವನು ಹೇಳ್ತಾನೆ, "ಮಾರಾಯ, ಇದು ವೈರಲ್, ರೆಸ್ಟ್ ತಗೊಳ್ಳಿ, ನೀರು ಕುಡೀರಿ ಅಂದ್ರೆ ಎದ್ದು ಹೋಗಿ ಎದುರಿನ ಕ್ಲಿನಿಕ್ಕಿನಲ್ಲಿ ಕೂರ್ತಾರೆ. ಅಲ್ಲಿ ಇಂಜೆಕ್ಷನ್ ಸಿಗ್ತದೆ. ಎರಡು ದಿನಕ್ಕೆ ವಾಸಿಯಾಗ್ತದೆ, ಆಗಲೇಬೇಕಿತ್ತಲ್ಲ. ಆಮೇಲೆ ನಾನು ದಡ್ಡ ಡಾಕ್ಟ್ರು." ಆಂಟಿಬಯಾಟಿಕ್ ಬರೆಯುವ ವೈದ್ಯರನ್ನು ಬಯ್ಯೋದು ಸುಲಭ. ಬರೆಯದ ವೈದ್ಯರನ್ನು ನಾವು ಏನು ಮಾಡುತ್ತೇವೆ ಅಂತಲೂ ಕೇಳಿಕೊಳ್ಳಬೇಕು.

ಆಂಟಿಬಯಾಟಿಕ್ ಕೊಲ್ಲೋದು ಬ್ಯಾಕ್ಟೀರಿಯಾವನ್ನು. ನೆಗಡಿ ತರೋದು ವೈರಸ್. ಇದು ಎಸ್ಸೆಸ್ಸೆಲ್ಸಿ ವಿಜ್ಞಾನ. ಆದರೂ ನಮ್ಮೆಲ್ಲರ ಮನೆಯ ಯಾವುದೋ ಒಂದು ಡಬ್ಬಿಯಲ್ಲಿ ಹೋದ ಸಲ ಉಳಿದ ಅಜಿತ್ರೋಮೈಸಿನ್ ಎರಡು ಮಾತ್ರೆ ಇರುತ್ತೆ. ನಮ್ಮನೆಯಲ್ಲೂ ಇತ್ತು, ಸುಳ್ಳು ಹೇಳಲ್ಲ. ಹಸಿರು ಕಫ ಅಂದರೆ ಬ್ಯಾಕ್ಟೀರಿಯಾ ಅನ್ನೋದೂ ಹೀಗೇ. ಆ ಹಸಿರು ಬಣ್ಣ ನಮ್ಮದೇ ಬಿಳಿ ರಕ್ತಕಣಗಳೊಳಗಿನ ಒಂದು ಕಿಣ್ವದ್ದು. ಬರೀ ವೈರಸ್ಸಿನ ನೆಗಡಿಯಲ್ಲೂ ನಾಲ್ಕು ದಿನಕ್ಕೆ ಕಫ ಹಳದಿ, ಹಸಿರಾಗುತ್ತೆ. ಬಣ್ಣ ನೋಡಿ ಮಾತ್ರೆ ನುಂಗುವುದು ಬೇಡ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು, ಅರೆಬರೆ ಡೋಸ್ ತಗೊಂಡರೆ ಔಷಧಿಗೆ ಬಗ್ಗದ ಕ್ರಿಮಿಗಳನ್ನು ನಾವೇ ಸಾಕಿದಂತೆ ಅಂತ. ನಮ್ಮ ಸರ್ಕಾರ 2016ರಲ್ಲಿ ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರವನ್ನೇ ಮಾಡಿತು. ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ತಗೊಳ್ಳಬೇಡಿ ಅಂತ. ಮನೆಗೆ ಹೋಗಿ ನಿಮ್ಮ ಡಬ್ಬಿ ತೆರೆದು ನೋಡಿ, ಎಷ್ಟು ಕೆಂಪು ಗೆರೆ ಇದೆ.

* * *

ಕೆಮ್ಮಿನ ಸಿರಪ್ಪಿನ ಬಗ್ಗೆ ಬರೆಯುವಾಗ ನಗೆ ಮುಖ ಹಾಕಲು ಕೈ ಬರುವುದಿಲ್ಲ.

2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಪುಟ್ಟ ಮಕ್ಕಳು ಕಿಡ್ನಿ ಕೆಲಸ ನಿಲ್ಲಿಸಿ ಸತ್ತರು. ಬಹುಪಾಲು ಮಕ್ಕಳಿಗೆ ಬಂದಿದ್ದು ಮಾಮೂಲಿ ಜ್ವರ, ನೆಗಡಿ, ಕೆಮ್ಮು. ಕುಡಿಸಿದ್ದು ಒಂದು ಕೆಮ್ಮಿನ ಸಿರಪ್. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕಾರ್ಖಾನೆಯ ದ್ರಾವಕ ಸೇರಿತ್ತು. ಇರಬಹುದಾದ ಮಿತಿ ಶೇಕಡಾ 0.1. ಪರೀಕ್ಷೆಯಲ್ಲಿ ಸಿಕ್ಕಿದ್ದು ಶೇಕಡಾ 48ಕ್ಕೂ ಹೆಚ್ಚು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ 60ಕ್ಕೂ ಹೆಚ್ಚು ಮಕ್ಕಳು ಹೀಗೇ ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಬೊಟ್ಟು ಮಾಡಿದ್ದು ನಮ್ಮ ದೇಶದಲ್ಲೇ ತಯಾರಾದ ಸಿರಪ್ಪುಗಳ ಕಡೆಗೆ.

ವಿಷ ಬೆರೆತಿದ್ದಕ್ಕೆ ತಯಾರಕರೂ, ತಪಾಸಣೆ ಮಾಡದವರೂ ಹೊಣೆ. ಅದರಲ್ಲಿ ಎರಡು ಮಾತಿಲ್ಲ. ಕುಡಿಸಿದ ತಾಯಂದಿರದ್ದು ಖಂಡಿತ ತಪ್ಪಲ್ಲ. ಅವರು ನಂಬಿ ಕುಡಿಸಿದರು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಆ ಬಾಟಲಿ ಶುದ್ಧವಾಗಿಯೇ ಇದ್ದಿದ್ದರೂ ಮಕ್ಕಳಿಗೆ ಅದರ ಅಗತ್ಯ ಇತ್ತಾ? ಹೆಚ್ಚಿನ ಮಕ್ಕಳು ಒಂದು ವಾರ ಮೂಗು ಸೋರಿಸಿಕೊಂಡು, ಹಠ ಮಾಡಿ, ತಾವಾಗಿ ಎದ್ದು ಓಡಾಡುತ್ತಿದ್ದವು. ಆ ಘಟನೆಯ ನಂತರ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸುತ್ತೋಲೆ ಹೊರಡಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ. ಕಾರಣ ಸರಳ, ಸಣ್ಣ ಮಕ್ಕಳಲ್ಲಿ ಅವುಗಳಿಂದ ಸಿಗುವ ಲಾಭ ನಗಣ್ಯ. ದೊಡ್ಡವರಿಗೂ ಅಷ್ಟಕ್ಕಷ್ಟೆ. ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಇರುವ ಫಿನೈಲೆಫ್ರಿನ್, ನುಂಗಿದರೆ ಕಟ್ಟಿದ ಮೂಗು ಬಿಡಿಸುವುದಿಲ್ಲ ಅಂತ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ ಒಮ್ಮತದಿಂದ ಹೇಳಿತು. ದಶಕಗಟ್ಟಲೆ ಕೋಟ್ಯಂತರ ಜನ ನುಂಗಿ "ಮೂಗು ಬಿಡ್ತು" ಅಂದಿದ್ದರು!

ಈಗ ನೀವು ಕೇಳಬಹುದು, ಹಾಗಾದರೆ ಅಮ್ಮನ ಕಷಾಯವೂ ಸುಳ್ಳಾ ಅಂತ. ಶುಂಠಿ, ಕಾಳುಮೆಣಸು ಹಾಕಿದ ಒಂದು ಲೋಟ ಕಷಾಯ ವೈರಸ್ಸನ್ನು ಕೊಲ್ಲುವುದಿಲ್ಲ. ಆದರೆ ಗಂಟಲಿಗೆ ಹಿತ, ಮೈಗೆ ನೀರು, ಮಾಡಿಕೊಟ್ಟವರ ಕಾಳಜಿ, ಮೂರೂ ನಿಜ. ಒಂದು ವರ್ಷ ದಾಟಿದ ಮಕ್ಕಳ ಕೆಮ್ಮಿಗೆ ರಾತ್ರಿ ಒಂದು ಚಮಚ ಜೇನುತುಪ್ಪ ಒಳ್ಳೇದು ಅನ್ನುವುದಕ್ಕೆ ಅಧ್ಯಯನಗಳ ಆಧಾರವೂ ಇದೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬೇಡಿ, ಬಾಟ್ಯುಲಿಸಂ ಎಂಬ ಅಪರೂಪದ ಆದರೆ ಪ್ರಾಣಕ್ಕೇ ಕುತ್ತು ತರುವ ಕಾಯಿಲೆಯ ಭಯ ಇದೆ. ಹಬೆ ತಗೊಳ್ಳುವವರು ದೊಡ್ಡವರಾದರೆ ತಗೊಳ್ಳಲಿ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸುವುದು ಬೇಡ, ನೆಗಡಿ ಹೋಗಿ ಸುಟ್ಟಗಾಯ ಉಳಿಯುತ್ತೆ.

* * *

ಚಿಕ್ಕಪ್ಪನ ಕಥೆಗೆ ಬರುತ್ತೇನೆ ಅಂದಿದ್ದೆ.

ನಮ್ಮ ಚಿಕ್ಕಪ್ಪ ಊರಿನಲ್ಲಿ ತೋಟ ನೋಡಿಕೊಂಡಿದ್ದಾರೆ. ಕೆಲವು ವರ್ಷದ ಹಿಂದೆ ಅಡಿಕೆ ಸುಗ್ಗಿಯಲ್ಲಿ ಕೆಮ್ಮು ಶುರುವಾಯಿತು. "ಏನಿಲ್ಲ ಮಾರಾಯ, ಅಡಿಕೆ ಬೇಯಿಸೋ ಒಲೆ ಹೊಗೆ" ಅಂದರು. ಸುಗ್ಗಿ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಪೇಟೆಯಿಂದ ಒಂದು ಸಿರಪ್ ತಂದರು. ನಾಲ್ಕು ದಿನ ಕಡಿಮೆ ಅನ್ನಿಸಿತು. ಮತ್ತೆ ಬಂತು. ಇನ್ನೊಂದು ಸಿರಪ್. ಅದೂ "ಒಳ್ಳೇ ಮದ್ದು". ಆಮೇಲೆ ಮೂರು ದಿನದ ಆಂಟಿಬಯಾಟಿಕ್. ಸಂಜೆ ಹೊತ್ತು ಸಣ್ಣಗೆ ಜ್ವರ ಬರುತ್ತಿತ್ತಂತೆ, ಅದಕ್ಕೆ ಒಂದು ಮಾತ್ರೆ. ಮೈ ಇಳಿಯಿತು, ಅದಕ್ಕೆ ಟಾನಿಕ್. ನಾನು ಯುಗಾದಿಗೆ ಊರಿಗೆ ಹೋದಾಗ ಅಂಗಿಯೊಳಗೆ ಚಿಕ್ಕಪ್ಪ ಹುಡುಕಬೇಕಾಗಿತ್ತು. ಕಿಟಕಿಯ ದಂಡೆಯ ಮೇಲೆ ಐದು ಖಾಲಿ ಬಾಟಲಿ ಸಾಲಾಗಿ ನಿಂತಿದ್ದವು. "ಪ್ರತಿಯೊಂದೂ ಕೆಲಸ ಮಾಡ್ತು, ಆದ್ರೆ ಕೆಮ್ಮು ಹೋಗಿಲ್ಲ" ಅಂದರು ಚಿಕ್ಕಮ್ಮ. ಆ ವಾಕ್ಯ ನನ್ನ ತಲೆಯಲ್ಲಿ ಇವತ್ತಿಗೂ ಕೂತಿದೆ.

ನನ್ನ ಡಾಕ್ಟ್ರು ಗೆಳೆಯನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ದಿನದಿಂದ?" ಮೂರು ತಿಂಗಳು ಅಂದೆ. ಆ ಕಡೆ ಒಂದು ಕ್ಷಣ ಮೌನ. "ನಾಳೆ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಕಫ ಕೊಡಿಸು. ಹಣ ಬೇಡ, ಚೀಟಿ ಬೇಡ, ಹೋಗು" ಅಂದ. ಟಿಬಿ. ಆರು ತಿಂಗಳು ಮಾತ್ರೆ ನುಂಗಿದರು, ಒಂದು ದಿನವೂ ತಪ್ಪಿಸದೆ. ಈಗ ಗಟ್ಟಿಮುಟ್ಟಾಗಿದ್ದಾರೆ, ಮೊನ್ನೆ ತಾನೇ ನನ್ನ ಹೊಟ್ಟೆ ನೋಡಿ ಗೇಲಿ ಮಾಡಿದರು. ಆದರೆ ಆ ಮೂರು ತಿಂಗಳಲ್ಲಿ ಅದೇ ಮನೆಯಲ್ಲಿ ಚಿಕ್ಕಮ್ಮ ಇದ್ದರು, ಬಾಣಂತನಕ್ಕೆ ಬಂದ ಮಗಳಿದ್ದಳು, ಎಳೇ ಕೂಸಿತ್ತು. ಎಲ್ಲರನ್ನೂ ಪರೀಕ್ಷೆ ಮಾಡಿ, ಕೂಸಿಗೆ ಮುಂಜಾಗ್ರತೆಯ ಔಷಧಿ ಕೊಟ್ಟರು. ಯಾರಿಗೂ ಹರಡಲಿಲ್ಲ. ಅದು ನಮ್ಮ ಪುಣ್ಯ, ಜಾಣತನ ಅಲ್ಲ.

ಐದು ಬಾಟಲಿಯೂ "ಕೆಲಸ ಮಾಡಿದವು", ಯಾಕೆಂದರೆ ಚಿಕ್ಕಪ್ಪನಿಗೆ ಅರವತ್ತು ವರ್ಷದಿಂದ ನೆಗಡಿ ಮೇಷ್ಟ್ರು ಕಲಿಸಿದ್ದು ಅದನ್ನೇ. ಕೆಮ್ಮು ಬರುತ್ತೆ, ಏನಾದರೂ ಕುಡಿ, ಹೋಗುತ್ತೆ. ಹೋಗದಿದ್ದರೆ ಇನ್ನೊಂದು ಕುಡಿ.

ಇಲ್ಲಿ ಒಂದು ಲೆಕ್ಕ ಗೊತ್ತಿರಲಿ. ನೆಗಡಿ ಹೋದ ಮೇಲೂ ಒಣಕೆಮ್ಮು ಉಳಿಯೋದು ಮಾಮೂಲು. 2013ರ ಒಂದು ಅಮೆರಿಕನ್ ಅಧ್ಯಯನದ ಪ್ರಕಾರ ಅಂಥ ಕೆಮ್ಮು ಸರಾಸರಿ ಸುಮಾರು 18 ದಿನ ಇರುತ್ತೆ, ಜನ ಮಾತ್ರ ವಾರ ಒಂಬತ್ತು ದಿನಕ್ಕೆ ಹೋಗಬೇಕು ಅಂದುಕೊಂಡಿರುತ್ತಾರೆ. ಹಾಗಾಗಿ ಹತ್ತನೇ ದಿನ ಕೆಮ್ಮಿದರೆ ಗಾಬರಿಯಾಗಿ ಆಂಟಿಬಯಾಟಿಕ್ ಕೇಳಬೇಡಿ. ಆದರೆ ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ ಅನ್ನೋದು ನಮ್ಮ ದೇಶದ ಟಿಬಿ ಕಾರ್ಯಕ್ರಮದ ಮಾತು. ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹತ್ತರಲ್ಲಿ ಒಂಬತ್ತು ಸಲ ಏನೂ ಇರಲಿಕ್ಕಿಲ್ಲ, ಒಳ್ಳೇದೇ ಆಯಿತಲ್ಲ.

ಜ್ವರದ್ದೂ ಇದೇ ಮಾತು. ಮಾಮೂಲಿ ಜ್ವರ ಇಳಿದರೆ ಮುಗಿಯಿತು. ಡೆಂಗಿಯಲ್ಲಿ ಹಾಗಲ್ಲ. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುವ ಹೊತ್ತೇ ಅಲ್ಲಿ ಅಪಾಯದ ಹೊತ್ತು. ಮನೆಯವರೆಲ್ಲ ಸದ್ಯ ಜ್ವರ ಬಿಡ್ತು ಅಂತ ನಿಟ್ಟುಸಿರು ಬಿಡುವಾಗ ಒಳಗೆ ರಕ್ತನಾಳಗಳಿಂದ ದ್ರವ ಸೋರುತ್ತಿರಬಹುದು. ಜ್ವರ ಇಳಿದ ಮೇಲೂ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು, ಮೂತ್ರ ಕಡಿಮೆ, ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬೇಡಿ. ಡೆಂಗಿಯ ಅನುಮಾನ ಇದ್ದಾಗ ಆಸ್ಪಿರಿನ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಡೆಂಗಿ ನಮಗೆ ದೂರದ್ದೇನಲ್ಲ, 2024ರಲ್ಲಿ ಕರ್ನಾಟಕ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ಇನ್ನು ನಮ್ಮ ಮಲೆನಾಡಿನವರಿಗೆ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯೂ ಶುರುವಾಗೋದು ಜ್ವರ, ತಲೆನೋವು, ಮೈಕೈ ನೋವಿನಿಂದಲೇ. ಕಾಡಿಗೆ ಹೋಗಿಬಂದವರಿಗೆ, ಮಂಗ ಸತ್ತ ಸುದ್ದಿ ಇರುವ ಊರಿನವರಿಗೆ ಬೇಸಿಗೆಯಲ್ಲಿ ಜ್ವರ ಬಂದರೆ ಕಷಾಯದ ಜೊತೆ ಆರೋಗ್ಯ ಕೇಂದ್ರವೂ ಬೇಕು. ಮೂರು ತಿಂಗಳೊಳಗಿನ ಹಸುಗೂಸಿಗೆ 100.4 ಡಿಗ್ರಿ ದಾಟಿದರಂತೂ ಕಾಯುವ ಮಾತೇ ಇಲ್ಲ. ಯಾವ ವಯಸ್ಸಿನವರಿಗೇ ಆಗಲಿ, ಉಸಿರಾಟಕ್ಕೆ ಕಷ್ಟವಾದರೂ ಅಷ್ಟೇ.

ಒಟ್ಟು ನಾನು ಹೇಳೋದು ಇಷ್ಟೇ. ಜ್ವರ, ನೆಗಡಿ, ಕೆಮ್ಮು ಬಂದಾಗ ನಾವು ಕೇಳುವ ಪ್ರಶ್ನೆ "ಇದಕ್ಕೇನು ಮದ್ದು?" ಅಂತ. ಕೇಳಬೇಕಾದ್ದು "ಇದು ತಾನಾಗಿ ಹೋಗುವ ಜಾತಿಯದ್ದಾ, ಅಲ್ಲವಾ?" ಅಂತ. ಹೋಗುವುದಾದರೆ ಮದ್ದು ಬೇಕಿಲ್ಲ, ನಿದ್ದೆ, ನೀರು, ಗಂಜಿ ಸಾಕು. ಅಲ್ಲದಿದ್ದರೆ ಮೆಡಿಕಲ್ ಶಾಪಿನ ಹುಡುಗನಿಂದ ಆಗುವ ಕೆಲಸ ಅಲ್ಲ ಅದು. ಈ ಎರಡರ ಮಧ್ಯೆ ಇರೋದು ಒಂದು ಥರ್ಮಾಮೀಟರು, ಒಂದು ಕ್ಯಾಲೆಂಡರು. ಎಷ್ಟು ಜ್ವರ, ಎಷ್ಟು ದಿನ ಅಂತ ಬರೆದಿಡಿ. ನಮ್ಮ ಚಿಕ್ಕಪ್ಪನ ಮನೆಯ ಗೋಡೆಯಲ್ಲೂ ಕ್ಯಾಲೆಂಡರ್ ಇತ್ತು. ಹಾಲಿನ ಲೆಕ್ಕ, ಅಡಿಕೆ ಕೊಯ್ಲಿನ ಆಳಿನ ಲೆಕ್ಕ ಎಲ್ಲ ಅದರಲ್ಲಿತ್ತು. ಕೆಮ್ಮಿನ ಲೆಕ್ಕ ಮಾತ್ರ ಇರಲಿಲ್ಲ.

ಹೋದ ವಾರ ಅಮ್ಮನಿಗೆ ಇದೆಲ್ಲ ವಿವರಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಸರಿ, ಕೂಸಿನ ತಲೆ ಒರೆಸಿದ್ಯಾ?" ಅಂದರು.

ಒರೆಸಿದೆ. ಅದರಿಂದೇನೂ ನಷ್ಟ ಇಲ್ಲವಲ್ಲ.

ನಿಮ್ಮನೆಯ ನೆಗಡಿ ಮೇಷ್ಟ್ರು ಏನೇನು ಕಲಿಸಿದ್ದಾರೆ? ಡಬ್ಬಿಯಲ್ಲಿ ಎಷ್ಟು ಕೆಂಪು ಗೆರೆ ಸಿಕ್ಕವು? ಬರೀರಿ, ಓದ್ತೀನಿ.